ಹಳೇ ಟೇಪಿನ ಹಾಡೇ ಚೆಂದ ಎನ್ನುವವರಿಗೆ

ಸೊರಬ, ಶಿಕಾರಿಪುರದ ಕಡೆ ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುವ ಕೆಲವು ಅಂಟಿಗೆ-ಪಂಟಿಗೆ ತಂಡಗಳ ಹಾಡು ಈಗ ಎರಡು ರೂಪದಲ್ಲಿ ಸಿಗುತ್ತದೆ. ಒಂದು, ದೀಪಾವಳಿಯ ರಾತ್ರಿ ಯಾರದೋ ಜಗಲಿಯ ಮೇಲೆ ಫೋನಿಟ್ಟೋ, ಹಿಂದಿನ ಕಾಲದ್ದಾದರೆ ಟೇಪ್ ರೆಕಾರ್ಡರ್ ಇಟ್ಟೋ ಹಿಡಿದದ್ದು. ಇನ್ನೊಂದು, ಅದೇ ಹಾಡುಗಾರರನ್ನು ಪೇಟೆಯ ಸ್ಟುಡಿಯೋಗೆ ಕರೆದೊಯ್ದು, ಕೀಬೋರ್ಡು, ತಬಲಾ ಸೇರಿಸಿ ಬಿಡುಗಡೆ ಮಾಡಿದ್ದು. ಎರಡನೆಯದರಲ್ಲಿ ಮಾತು ಸ್ಪಷ್ಟ, ಶ್ರುತಿ ನೇರ, ಗದ್ದಲವಿಲ್ಲ. ಆದರೂ ನಿಮ್ಮ ಬೆರಳು ಹೋಗುವುದು ಮೊದಲನೆಯದಕ್ಕೇ. ಯಾಕೆ ಎಂದು ಯಾರಾದರೂ ಕೇಳಿದರೆ ಉತ್ತರ ಬಾಯಿಗೆ ಬರುವುದಿಲ್ಲ. ‘ನಿಮಗೆ ಹಳೇದೆಲ್ಲ ಚೆಂದವೇ’ ಎಂದು ಮನೆಯ ಹುಡುಗರು ನಗುತ್ತಾರೆ.

ಭಾವಗೀತೆ ಕೇಳುವವರಿಗೂ ಈ ಇಕ್ಕಟ್ಟು ಗೊತ್ತು. ಇಂಗ್ಲಿಷ್ ರಾಕ್ ಕೇಳುವವರಿಗಂತೂ ಇದೊಂದು ಚಟ. ಆಲ್ಬಮ್ಮಿನಲ್ಲಿ ಬಂದ ಹಾಡಿಗಿಂತ, ಅದಕ್ಕೂ ಮೊದಲು ಹಾಡಿ ಬದಿಗಿಟ್ಟ ಟೇಕುಗಳನ್ನೇ ಹುಡುಕಿ ಹುಡುಕಿ ಕೇಳುತ್ತಾರೆ. ನಾನೂ ಆ ಗುಂಪಿನವನೇ. ಹಾಗಾಗಿ ಹಸಿ ಟೇಕು ಇಷ್ಟಪಡುವುದು ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ನಿಮ್ಮನ್ನು ಹಿಡಿದದ್ದು ಹಾಡುಗಾರಿಕೆಯೋ, ಅಥವಾ ಟೇಪಿನ ವೇಗ, ಸದ್ದಿನ ಮಟ್ಟ, ಹಳೆಯ ನೆನಪು ಇವುಗಳಲ್ಲಿ ಯಾವುದಾದರೂ ಒಂದೋ ಎಂದು ಪರೀಕ್ಷಿಸಿಕೊಳ್ಳುವ ದಾರಿ ಇದೆ. ಅದನ್ನು ಹೇಳಿ, ಆ ಹಸಿ ಟೇಕು ನಿಮ್ಮ ಅಟ್ಟದಲ್ಲೇ ಇದ್ದರೆ ಕೆಡದಂತೆ ಇಳಿಸಿಕೊಳ್ಳುವುದು ಹೇಗೆ ಎಂಬುದನ್ನೂ ಹೇಳುತ್ತೇನೆ.

ಮೊದಲನೆಯದು ಮೇಲೋ, ಪರಿಷ್ಕರಿಸಿದ್ದು ಮೇಲೋ ಎಂಬ ಜಗಳ ಈ ಸೀಮೆಗೆ ಹೊಸದಲ್ಲ ಬಿಡಿ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ ಇಬ್ಬರೂ ಬರುವ ಶೂನ್ಯಸಂಪಾದನೆಗೇ ನಾಲ್ಕು ಪಾಠಗಳಿವೆ. ಶಿವಗಣಪ್ರಸಾದಿ ಮಹಾದೇವಯ್ಯನದು ಮೊದಲನೆಯದು. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬೊಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಜೋಡಿಸಿಕೊಂಡರು. ಯಾವುದು ಮೇಲು ಎಂದು ವಿದ್ವಾಂಸರು ಇವತ್ತಿಗೂ ವಾದಿಸುತ್ತಾರೆ. ತಾಳಗುಂದದ ಸಿಂಹಕಟಾಂಜನ ಶಾಸನ ಹಲ್ಮಿಡಿಗಿಂತ ಹಳೆಯದು ಎಂಬ ಸುದ್ದಿ ಬಂದಾಗ ಶಿಕಾರಿಪುರದವರಿಗೆ ಆದ ಖುಷಿಯನ್ನು ನೆನೆದರೂ ಸಾಕು, ‘ಮೊದಲನೆಯದು’ ಎಂಬ ಮಾತಿಗೆ ಎಷ್ಟು ತೂಕವಿದೆ ಎಂದು ತಿಳಿಯುತ್ತದೆ. ಆ ತೂಕವೇ ಕಿವಿಯನ್ನು ದಾರಿ ತಪ್ಪಿಸುವುದೂ ಉಂಟು.

ಹಸಿ ಟೇಕು ಯಾಕೆ ಹಿಡಿಸುತ್ತದೆ

ನನ್ನ ಹತ್ತಿರ 60 ನಿಮಿಷದ ಒಂದು ಕ್ಯಾಸೆಟ್ಟಿದೆ. ತೊಂಬತ್ತರ ದಶಕದಲ್ಲಿ ಸೋದರಮಾವ ಆನವಟ್ಟಿ ಹತ್ತಿರದ ಅಜ್ಜಿಮನೆ ಊರಿನಲ್ಲಿ ಟೂ-ಇನ್-ವನ್ನು ಹೆಗಲಿಗೆ ಹಾಕಿಕೊಂಡು, ಹಾಡುವವರ ಹಿಂದೆಯೇ ಮನೆಯಿಂದ ಮನೆಗೆ ನಡೆದು ತುಂಬಿಸಿದ್ದು. ಶುರುವಿಗೆ ದೇವಸ್ಥಾನದ ಗಂಟೆ. ಅಲ್ಲಿ ದೀಪ ಹಚ್ಚಿಕೊಂಡು ಹೊರಡುತ್ತಾರೆ. ನಂತರ ಬರಿಗಾಲ ನಡಿಗೆ, ನಾಯಿ, ಕೆಮ್ಮು. ನಮ್ಮ ಮನೆಯ ಮುಂದೆ ಬಾಗಿಲು ತೆರೆಸುವ ಹಾಡು ಎತ್ತುತ್ತಾರೆ. ಮುಂದಿನವರಿಬ್ಬರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನು ಹಿಡಿಯುತ್ತಾರೆ. ಮೂರನೆಯ ಸಲಕ್ಕೆ ಹಿಂದಿನವರು ಮುಂದಿನವರ ಸಾಲು ಮುಗಿಯಲೂ ಬಿಡುವುದಿಲ್ಲ, ಮೇಲೆ ಬಿದ್ದು ಎಳೆದುಕೊಳ್ಳುತ್ತಾರೆ. ನಡುವೆ ಒಳಗಿನಿಂದ ಅಗುಳಿ ಸರಿದ ಸದ್ದು. ‘ತಡೀರಾ, ಎಣ್ಣೆ ತರ್ತೀನಿ’ ಎಂದು ಅಜ್ಜಿಯ ದನಿ. ಹಾಡು ನಿಲ್ಲುವುದಿಲ್ಲ, ತುಸು ತಗ್ಗುತ್ತದೆ ಅಷ್ಟೆ. ದೀಪಕ್ಕೆ ಎಣ್ಣೆ ಬಿದ್ದ ಮೇಲೆ ಮತ್ತೆ ಏರುತ್ತದೆ.

ಇದೇ ತಂಡ ಮುಂದೆ ಸ್ಟುಡಿಯೋದಲ್ಲಿ ಹಾಡಿದ ಅದೇ ಹಾಡು ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಕೇಳುತ್ತಾ ಕುಳಿತರೆ ವ್ಯತ್ಯಾಸದ ಕಾರಣಗಳು ಒಂದೊಂದೇ ಬಿಡಿಸಿಕೊಳ್ಳುತ್ತವೆ.

ಒಂದನೆಯದು ಲಯ. ಸ್ಟುಡಿಯೋದಲ್ಲಿ ಕಿವಿಗೆ ‘ಕ್ಲಿಕ್’ ಹಾಕುತ್ತಾರೆ. ಟಿಕ್ ಟಿಕ್ ಎಂದು ಒಂದೇ ಸಮ ಬರುವ ತಾಳದ ಸದ್ದು ಅದು. ಬೇರೆ ಬೇರೆ ದಿನ ನುಡಿಸಿದ ವಾದ್ಯಗಳನ್ನು ಆಮೇಲೆ ಒಂದರ ಮೇಲೊಂದು ಕೂರಿಸಲು ಅದು ಬೇಕೇ ಬೇಕು. ಆದರೆ ಗುಂಪಿನಲ್ಲಿ ಹಾಡುವವರು ಸಹಜವಾಗಿ ಓಡುತ್ತಾರೆ. ಶುರುವಿನ ನಡೆ ಒಂದು, ಕೊನೆಯ ನಡೆ ಇನ್ನೊಂದು. ಕ್ಲಿಕ್ ಹಾಕಿದ ಕೂಡಲೇ ಈ ಓಟ ನಿಲ್ಲುತ್ತದೆ.

ಎರಡನೆಯದು ಶ್ರುತಿ. ಜನಪದ ಹಾಡುಗಾರರ ಸ್ವರ ಎಷ್ಟೋ ಸಲ ಕೀಬೋರ್ಡಿನ ಎರಡು ಮನೆಗಳ ನಡುವೆ ನಿಲ್ಲುತ್ತದೆ. ಅದು ಅಪಸ್ವರವಲ್ಲ, ಅವರ ಸ್ವರ ಇರುವ ಜಾಗವೇ ಅದು. ಕಂಪ್ಯೂಟರಿನಲ್ಲಿ ‘ಪಿಚ್ ಕರೆಕ್ಷನ್’ ಹಾಕಿದರೆ ಅದನ್ನು ಹತ್ತಿರದ ಮನೆಗೆ ಎಳೆದು ಕೂರಿಸುತ್ತದೆ. ಕೇಳಲು ಸರಿ, ಆದರೆ ಬೇರೆ ಊರಿನವರು ಹಾಡಿದ ಹಾಗಾಗುತ್ತದೆ.

ಮೂರನೆಯದು ಸದ್ದಿನ ಏರಿಳಿತ. ಬಿಡುಗಡೆಯ ಪ್ರತಿಯನ್ನು ‘ಕಂಪ್ರೆಸ್’ ಮಾಡುತ್ತಾರೆ, ಅಂದರೆ ಮೆಲ್ಲಗಿದ್ದುದನ್ನು ಎತ್ತಿ, ಜೋರಾಗಿದ್ದುದನ್ನು ಒತ್ತಿ ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತಾರೆ. ಬಸ್ಸಿನಲ್ಲಿ ಕೇಳಲು ಅದು ಅನುಕೂಲ. ಎಣ್ಣೆ ಹಾಕುವಾಗ ಹಾಡು ತಗ್ಗಿ ಏರುವ ಆ ಉಸಿರು ಮಾತ್ರ ಅಲ್ಲಿ ಹೋಗಿಬಿಡುತ್ತದೆ.

ಇನ್ನೊಂದು ಕಾರಣ ತಂತ್ರಕ್ಕೆ ಸೇರಿದ್ದಲ್ಲ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಬಾಗಿಲು ತೆರೆಸುವ ಹಾಡಿಗೆ ಎದುರಿಗೊಂದು ಮುಚ್ಚಿದ ಬಾಗಿಲು ಬೇಕು. ಸ್ಟುಡಿಯೋದ ಬಾಗಿಲು ಹಾಡು ಮುಗಿಯುವ ತನಕ ತೆರೆಯುವಂತಿಲ್ಲ! ರಾಕ್ ಹಾಡುಗಳ ಮೊದಲ ಟೇಕುಗಳಲ್ಲಿಯೂ ಇಂಥದ್ದೇ ಒಂದು ನಡೆದಿರುತ್ತದೆ. ಹಾಡು ಹೇಗೆ ಹೋಗುತ್ತದೆಂದು ಹಾಡುವವನಿಗೇ ಇನ್ನೂ ಪೂರ್ತಿ ಗೊತ್ತಿರುವುದಿಲ್ಲ. ಇಪ್ಪತ್ತನೆಯ ಟೇಕಿನ ಹೊತ್ತಿಗೆ ಗೊತ್ತಾಗಿರುತ್ತದೆ. ಕೆಲವು ಹಾಡು ಆ ಗೊತ್ತಾಗುವಿಕೆಯಿಂದ ಗಟ್ಟಿಯಾಗುತ್ತವೆ, ಕೆಲವು ಸೊರಗುತ್ತವೆ.

ಹೋಲಿಸಿ ಕೇಳುವ ಕ್ರಮ

1. ಟೇಕು ಬೇರೆಯೋ, ಮಿಕ್ಸು ಬೇರೆಯೋ ಗೊತ್ತುಮಾಡಿಕೊಳ್ಳಿ. ಒಂದೇ ಹಾಡುಗಾರಿಕೆಗೆ ವಾದ್ಯ ಸೇರಿಸಿ, ತೆಗೆದು ಮಾಡಿದ್ದು ಬೇರೆ ಮಿಕ್ಸು. ಮತ್ತೊಮ್ಮೆ ಹಾಡಿದ್ದು ಬೇರೆ ಟೇಕು. ಇದನ್ನು ತಿಳಿಯುವ ಸುಲಭದ ದಾರಿ ಉಸಿರು. ಗಾಯಕ ಎಲ್ಲಿ ಉಸಿರೆಳೆದ, ಯಾವ ಅಕ್ಷರವನ್ನು ಎಳೆದ ಎಂದು ಮೊದಲ ಎರಡು ಸಾಲಿನಲ್ಲಿ ಗುರುತಿಸಿ. ಎರಡು ಪ್ರತಿಗಳಲ್ಲೂ ಉಸಿರು ಅದೇ ಜಾಗದಲ್ಲಿದ್ದರೆ ಟೇಕು ಒಂದೇ.

2. ಸದ್ದಿನ ಮಟ್ಟ ಸಮ ಮಾಡಿ. ಮಾಡಲೇಬೇಕಾದ ಕೆಲಸ ಇದು. ಎರಡರಲ್ಲಿ ಒಂದು ಚೂರೇ ಚೂರು ಜೋರಾಗಿದ್ದರೂ, ಅದು ಜೋರು ಎಂದು ಕಿವಿ ಹೇಳುವುದಿಲ್ಲ, ಚೆನ್ನಾಗಿದೆ ಎನ್ನುತ್ತದೆ. ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ‘ಲೌಡ್ನೆಸ್ ನಾರ್ಮಲೈಸೇಶನ್’ ಇದೆ. ಎರಡೂ ಹಾಡಿಗೆ ಒಂದೇ ಅಂಕಿ ಕೊಡಿ, ಉದಾಹರಣೆಗೆ -23. ಕಂಪ್ಯೂಟರ್ ಇಲ್ಲದಿದ್ದರೆ ಫೋನಿನ ವಾಲ್ಯೂಮನ್ನು ಕೈಯಲ್ಲೇ ಹೊಂದಿಸಿಕೊಳ್ಳಿ. ಅಷ್ಟಾದರೂ ಮಾಡಿ.

3. ವೇಗ ನೋಡಿ. ಟೇಪಿನಿಂದ ಬಂದದ್ದಾದರೆ ಇದು ಬಹಳ ಮುಖ್ಯ. ಮುಂದೆ ವಿವರವಾಗಿ ಹೇಳುತ್ತೇನೆ.

4. ಕಣ್ಣು ಮುಚ್ಚಿ ಕೇಳಿ, ಇನ್ನೊಬ್ಬರು ಹಾಕಲಿ. ಯಾವುದು ಯಾವುದೆಂದು ಹೇಳದೆ ಮನೆಯವರು ಒಂದೊಂದು ನಿಮಿಷದ ತುಣುಕು ಹಾಕಲಿ, ನೀವು ಚೀಟಿಯಲ್ಲಿ ಬರೆಯಿರಿ. ಟೇಪಿನ ಸುಯ್ ಎಂಬ ಸದ್ದಿನಿಂದಲೇ ಗುರುತು ಸಿಕ್ಕಿಬಿಡುತ್ತದಲ್ಲ ಎಂದರೆ, ಹೌದು, ಸಿಗುತ್ತದೆ. ಅದಕ್ಕೇ ಹಾಡು ಗೊತ್ತಿಲ್ಲದ ಒಬ್ಬರನ್ನೂ ಜೊತೆಗೆ ಕೂರಿಸಿ. ಅವರಿಗೆ ನಿಮ್ಮ ಅಜ್ಜಿಯ ದನಿಯ ನೆನಪಿರುವುದಿಲ್ಲ.

5. ಇಡೀ ಹಾಡಿಗೆ ತೀರ್ಪು ಕೊಡಬೇಡಿ. ಎತ್ತುಗಡೆ, ನಡು, ಕೊನೆ ಎಂದು ಬೇರೆ ಬೇರೆ ಬರೆದುಕೊಳ್ಳಿ. ಹಸಿ ಟೇಕಿನ ಶುರು, ಸ್ಟುಡಿಯೋದ ಕೊನೆ ಎಂದು ಬಂದರೆ ಆಶ್ಚರ್ಯಪಡಬೇಡಿ. ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ 1967ರಲ್ಲಿ ಬಂದದ್ದೇ ಹಾಗೆ. ಜಾನ್ ಲೆನನ್‌ಗೆ 7ನೇ ಟೇಕಿನ ಶುರುವೂ ಬೇಕಿತ್ತು, 26ನೆಯದರ ಉಳಿದ ಭಾಗವೂ ಬೇಕಿತ್ತು. ಎರಡರ ಶ್ರುತಿಯೂ ಬೇರೆ, ವೇಗವೂ ಬೇರೆ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಧ್ವನಿ ಎಂಜಿನಿಯರ್ ಜೆಫ್ ಎಮೆರಿಕ್ ಟೇಪುಗಳ ವೇಗ ಹೆಚ್ಚುಕಡಿಮೆ ಮಾಡಿ, ಹಾಡಿನ ಸುಮಾರು ಒಂದನೇ ನಿಮಿಷದಲ್ಲಿ ಅಂಟಿಸಿದರು.

6. ವಾರ ಬಿಟ್ಟು ಮತ್ತೆ ಕೇಳಿ. ಹೊಸದಾಗಿ ಸಿಕ್ಕ ಟೇಕಿಗೆ ಹೊಸತನದ ರುಚಿ ಇರುತ್ತದೆ. ಬಿಡುಗಡೆಯಾದ ಹಾಡನ್ನು ನೀವು ಐನೂರು ಸಲ ಕೇಳಿರುತ್ತೀರಿ, ಇದನ್ನು ಮೂರು ಸಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲು ಕೇಳಿದ್ದನ್ನೇ ಮೊದಲನೆಯದು ಎಂದುಕೊಳ್ಳುವುದು. ನಾಡಗೀತೆಯ ಜಗಳ ನೆನಪಿಸಿಕೊಳ್ಳಿ. ಕುವೆಂಪು ಅವರ ಕವಿತೆ ಒಂದೇ. ಮೈಸೂರು ಅನಂತಸ್ವಾಮಿಯವರ ಧಾಟಿ ಒಂದು, ಸಿ. ಅಶ್ವಥ್ ಅವರದು ಇನ್ನೊಂದು. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲೇ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಹೊರಡಿಸಿತು. ಆಗ ನಡೆದ ವಾದಗಳನ್ನು ಕೇಳಿದರೆ, ಬಹಳಷ್ಟು ಜನ ತಮ್ಮ ಶಾಲೆಯಲ್ಲಿ ಯಾವುದನ್ನು ಹೇಳಿಕೊಟ್ಟಿದ್ದರೋ ಅದರ ಪರ ನಿಂತಂತೆ ನನಗೆ ಕಂಡಿತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಅದು ನೆನಪಿನ ತೀರ್ಪು, ಕಿವಿಯದಲ್ಲ ಎಂಬುದು ಗೊತ್ತಿರಬೇಕು.

ತಪ್ಪು ಜೋಡಿಯನ್ನು ಹೋಲಿಸುವುದು. ಬೀಟಲ್ಸ್‌ನ ‘ದ ಲಾಂಗ್ ಅಂಡ್ ವೈಂಡಿಂಗ್ ರೋಡ್’ ಹಾಡಿಗೆ 1970ರ ಆಲ್ಬಮ್ಮಿನಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ದೊಡ್ಡ ವಾದ್ಯಮೇಳ, ಮೇಳಗಾಯನ ಎಲ್ಲ ಸೇರಿಸಿದ್ದ. ತಂಡದ ಪಾಲ್ ಮೆಕಾರ್ಟ್ನಿಗೆ ಅದು ಹಿಡಿಸಲಿಲ್ಲ. 2003ರಲ್ಲಿ ‘ಲೆಟ್ ಇಟ್ ಬಿ... ನೇಕೆಡ್’ ಬಂದಾಗ, ಅದೇ ಹಾಡಿನಿಂದ ವಾದ್ಯಮೇಳ ತೆಗೆದಿದ್ದಾರೆ ಎಂದು ತುಂಬ ಜನ ತಿಳಿದರು. ಅಲ್ಲ, ಅದರಲ್ಲಿರುವುದು ಬೇರೆಯದೇ ಟೇಕು. ಆಲ್ಬಮ್ಮಿನ ಟೇಕನ್ನೇ ವಾದ್ಯಮೇಳವಿಲ್ಲದೆ ಕೇಳಬೇಕೆಂದರೆ 1996ರ ‘ಆಂಥಾಲಜಿ 3’ ತೆಗೆಯಬೇಕು. ಸ್ಪೆಕ್ಟರನನ್ನು ಬೈಯುವ ಮೊದಲು ಸರಿಯಾದ ಜೋಡಿ ಹಾಕಿಕೊಂಡು ಕೇಳಿ. ನಾನು ಹಾಗೆ ಕೇಳಿದೆ, ಆಮೇಲೂ ಬೈದೆ.

ಗದ್ದಲವನ್ನೇ ಸಾಚಾತನ ಎನ್ನುವುದು. ಸುಯ್ ಎನ್ನುವ ಟೇಪು, ದೂರದ ದನಿ, ಒಡೆದ ಸದ್ದು ಇವೆಲ್ಲ ‘ನಿಜವಾದದ್ದು’ ಎಂಬ ಭಾವ ಹುಟ್ಟಿಸುತ್ತವೆ. ಈಗ ಅದನ್ನು ಕಂಪ್ಯೂಟರಿನಲ್ಲೇ ಸೇರಿಸಿ ಮಾರುವವರೂ ಇದ್ದಾರೆ.

ಜನಪದ ಹಾಡಿಗೆ ‘ಮೂಲ ಟೇಕು’ ಹುಡುಕುವುದು ಇನ್ನೊಂದು ತಪ್ಪು. ಅಂಟಿಗೆ-ಪಂಟಿಗೆಯಲ್ಲಿ ಒಂದೇ ರಾತ್ರಿ ಮನೆ ಮನೆಗೂ ಹಾಡು ಬದಲಾಗುತ್ತದೆ. ದೊಡ್ಡ ಮನೆಯ ಮುಂದೆ ಹಿಗ್ಗುತ್ತದೆ, ಬಾಗಿಲು ಬೇಗ ತೆರೆದರೆ ಅರ್ಧಕ್ಕೇ ನಿಲ್ಲುತ್ತದೆ. ನಿಮ್ಮ ಟೇಪಿನಲ್ಲಿರುವುದು ನಿಮ್ಮ ಮಾವ ಗುಂಡಿ ಒತ್ತಿದ ಮನೆಯ ಹಾಡು, ಅಷ್ಟೇ.

ಟೇಪಿನ ವೇಗ ಎಂಬ ಕಳ್ಳ

ಕ್ಯಾಸೆಟ್ಟು ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ರೆಕಾರ್ಡ್ ಮಾಡುವಾಗ ಬ್ಯಾಟರಿ ಇಳಿದಿದ್ದರೆ ಟೇಪು ನಿಧಾನಕ್ಕೆ ಸುತ್ತಿರುತ್ತದೆ. ಅದನ್ನು ಈಗ ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಓಡುತ್ತದೆ, ದನಿಯೂ ತೆಳ್ಳಗಾಗಿ ಮೇಲೇರುತ್ತದೆ. ನೂರಕ್ಕೆ ಆರರಷ್ಟು ವೇಗ ಹೆಚ್ಚಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು ಮೇಲೆ ಹೋಗುತ್ತದೆ, ಮೂರು ನಿಮಿಷದ ಹಾಡು ಹತ್ತು ಸೆಕೆಂಡು ಮೊದಲೇ ಮುಗಿಯುತ್ತದೆ. ಕೇಳುವವರು ‘ಆಹಾ, ಎಂಥ ಚುರುಕು’ ಎನ್ನುತ್ತಾರೆ.

ಕಂಡುಹಿಡಿಯುವುದು ಹೇಗೆ? ಕರೆಂಟಿಗೆ ಹಾಕಿ ರೆಕಾರ್ಡ್ ಮಾಡಿದ್ದಾದರೆ ಹಿನ್ನೆಲೆಯಲ್ಲಿ ‘ಹೂಂ’ ಎಂಬ ಸದ್ದು ಸಣ್ಣಗೆ ಸೇರಿರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಆಡಾಸಿಟಿಯಲ್ಲಿ ಹಾಡಿಲ್ಲದ ಜಾಗ ಆರಿಸಿ ‘ಪ್ಲಾಟ್ ಸ್ಪೆಕ್ಟ್ರಮ್’ ತೆಗೆದರೆ 50ರಲ್ಲೋ ಅದರ ದುಪ್ಪಟ್ಟು 100ರಲ್ಲೋ ಒಂದು ಮೊನೆ ಎದ್ದಿರಬೇಕು. ಅದು 53ರಲ್ಲಿದ್ದರೆ ಟೇಪು ನೂರಕ್ಕೆ ಆರರಷ್ಟು ಹೆಚ್ಚು ವೇಗದಲ್ಲಿ ಓಡುತ್ತಿದೆ ಎಂದರ್ಥ. ಹಾರ್ಮೋನಿಯಂ ಇದ್ದ ಹಾಡಾದರೆ, ಆಗ ಯಾವ ಮನೆಯಿಂದ ಹಾಡುತ್ತಿದ್ದರೆಂದು ನೆನಪಿರುವವರನ್ನು ಕೇಳಿ.

ನನ್ನ ಟೇಪು ಬ್ಯಾಟರಿಯದು, ಹಾರ್ಮೋನಿಯಮ್ಮೂ ಇಲ್ಲ. ಏನು ಮಾಡುವುದೆಂದು ತಿಂಗಳುಗಟ್ಟಲೆ ಯೋಚಿಸಿದ ಮೇಲೆ ಹೊಳೆದದ್ದು ಶುರುವಿನ ಆ ಗಂಟೆ. ಗಂಟೆ ಈಗಲೂ ಅದೇ ತೊಲೆಯಲ್ಲಿ ತೂಗುತ್ತಿದೆ, ಅದಕ್ಕೆ ವಯಸ್ಸಾದರೂ ಶ್ರುತಿ ಇಳಿಯುವುದಿಲ್ಲ. ಒಂದು ಸೋಮವಾರ ಹೋಗಿ ಭಟ್ಟರನ್ನು ಕೇಳಿ, ಫೋನು ಹಿಡಿದು ಮೂರು ಸಲ ಬಾರಿಸಿದೆ. ಮನೆಗೆ ಬಂದು ಎರಡರ ಸ್ಪೆಕ್ಟ್ರಮ್ಮನ್ನೂ ಪಕ್ಕಪಕ್ಕ ಇಟ್ಟರೆ ಟೇಪಿನ ಗಂಟೆಯ ಮೊನೆಗಳೆಲ್ಲ ನೂರಕ್ಕೆ ನಾಲ್ಕರಷ್ಟು ಮೇಲಿದ್ದವು. ಇಷ್ಟು ವರ್ಷ ನಾನು ಮೆಚ್ಚಿಕೊಂಡು ಬಂದ ಚುರುಕಿನಲ್ಲಿ ಒಂದು ಪಾಲು ಇಳಿದುಹೋದ ಬ್ಯಾಟರಿಯದಾಗಿತ್ತು.

ಸರಿಪಡಿಸುವಾಗ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಜ್ಞೆಯನ್ನೇ ಬಳಸಿ. ‘ಟೆಂಪೋ’ ಮಾತ್ರ ಬದಲಿಸುವ ಆಜ್ಞೆ ಇಲ್ಲಿಗೆ ಬೇಡ. ಬ್ಯಾಟರಿ ಹೊತ್ತು ಹೋದಂತೆ ಇನ್ನಷ್ಟು ಇಳಿಯುವುದರಿಂದ ಕ್ಯಾಸೆಟ್ಟಿನ ಶುರುವಿಗೆ ಒಪ್ಪಿದ ಲೆಕ್ಕ ಕೊನೆಗೆ ಒಪ್ಪದೇ ಹೋಗಬಹುದು. ಹಾಗೆ ಸರಿಪಡಿಸಿ ಕೇಳಿದ ಮೇಲೆ ನನ್ನ ಟೇಪಿನ ಎರಡು ಹಾಡು ಮೊದಲಿನಷ್ಟು ಹಿಡಿಸಲಿಲ್ಲ. ಬಾಗಿಲು ತೆರೆಸುವ ಹಾಡು ಮಾತ್ರ ನಿಧಾನವಾದ ಮೇಲೆ ಇನ್ನೂ ಚೆಂದವಾಯಿತು.

ಅಟ್ಟದ ಕ್ಯಾಸೆಟ್ಟನ್ನು ಇಳಿಸುವುದು

ಕೆಲಸಕ್ಕೆ ಬೇಕಾದದ್ದು ಇಷ್ಟು: ಚಾಲ್ತಿಯಲ್ಲಿರುವ ಒಂದು ಕ್ಯಾಸೆಟ್ ಪ್ಲೇಯರ್, ಅದರ ಹೆಡ್‌ಫೋನ್ ತೂತಿನಿಂದ ಹೊರಡುವ ಒಂದು ತಂತಿ, ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಒಂದು ಕಂಪ್ಯೂಟರ್.

1. ಮೊದಲು ಬೂಷ್ಟು ನೋಡಿ. ಮಲೆನಾಡಿನ ಮಳೆಗಾಲ ಕಳೆದ ಕ್ಯಾಸೆಟ್ಟಿಗೆ ಬೂಷ್ಟು ಬರುವುದು ಸಾಮಾನ್ಯ. ಬೆಳಕಿಗೆ ಹಿಡಿದು ಕಿಟಕಿಯಿಂದ ಒಳಗೆ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯೋ ಚುಕ್ಕಿಯೋ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಟೇಪೂ ಕಿತ್ತುಬರಬಹುದು, ಪ್ಲೇಯರಿನಿಂದ ಉಳಿದ ಕ್ಯಾಸೆಟ್ಟುಗಳಿಗೂ ಹತ್ತುತ್ತದೆ. ಅದನ್ನು ಬೇರೆ ಕವರಿನಲ್ಲಿಟ್ಟು ಟೇಪು ಶುಚಿ ಮಾಡಲು ಬಲ್ಲವರಿಗೆ ಕೊಡಿ.

2. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ. ಆಮೇಲೆ ಅದರ ಮೇಲೆ ಯಾರೂ ರೆಕಾರ್ಡ್ ಮಾಡಲಾಗುವುದಿಲ್ಲ. ಇದನ್ನು ಮೂರನೆಯದೋ ನಾಲ್ಕನೆಯದೋ ಆಗಿ ಬರೆಯದೆ ಎರಡನೆಯದಾಗಿ ಬರೆಯಲು ಕಾರಣವಿದೆ. ನನ್ನ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ಒಂದು ಹಾಡಿನ ನಡುವೆ ನಲವತ್ತು ಸೆಕೆಂಡು ಕ್ರಿಕೆಟ್ ಕಾಮೆಂಟರಿ ಬರುತ್ತದೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆ ಕೆಂಪು ಗುಂಡಿ ಒತ್ತಿದ್ದು ನಾನೇ.

3. ಪ್ಲೇಯರಿನ ಹೆಡ್ ಒರೆಸಿ. ಹತ್ತಿ ಸುತ್ತಿದ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ಕಂದು ಬಣ್ಣ ಬರುವುದು ನಿಲ್ಲುವ ತನಕ. ರಬ್ಬರ್ ಉರುಳೆಗೆ ಅದು ಬೇಡ, ನೀರಿನಲ್ಲಿ ಹಿಂಡಿದ ಬಟ್ಟೆ ಸಾಕು. ಪೂರ್ತಿ ಒಣಗಿದ ಮೇಲೆ ಕ್ಯಾಸೆಟ್ ಹಾಕಿ.

4. ಒಮ್ಮೆ ಕೊನೆಯ ತನಕ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಅಲ್ಲಾಡದ ಸುರುಳಿ ಅಂಟಿಕೊಂಡಿರುತ್ತದೆ. 120 ನಿಮಿಷದ ಕ್ಯಾಸೆಟ್ಟಿನ ಟೇಪು ಬಹಳ ತೆಳು, ಅದನ್ನು ಯಂತ್ರದಲ್ಲಿ ಸುತ್ತಬೇಡಿ. ಪೆನ್ಸಿಲ್ ಹಾಕಿ ಕೈಯಲ್ಲಿ ತಿರುಗಿಸಿ, ನಾವು ಚಿಕ್ಕವರಿದ್ದಾಗ ಮಾಡುತ್ತಿದ್ದೆವಲ್ಲ, ಹಾಗೆ.

5. ಆಡಾಸಿಟಿಯಲ್ಲಿ 48 ಕಿಲೋಹರ್ಟ್ಜ್, 24 ಬಿಟ್, ಸ್ಟೀರಿಯೋ ಇಟ್ಟುಕೊಂಡು ರೆಕಾರ್ಡ್ ಮಾಡಿ. ಹಳೆಯ ಟೂ-ಇನ್-ವನ್ ಮಾನೋ ಆಗಿದ್ದರೂ ಎಡ, ಬಲ ಎರಡೂ ಚಾನೆಲ್ ಹಿಡಿದುಕೊಳ್ಳಿ, ಆಮೇಲೆ ಯಾವುದು ಸ್ಪಷ್ಟವೋ ಅದನ್ನು ಆರಿಸಬಹುದು. ಸದ್ದಿನ ಮೊನೆ -6 ಡೆಸಿಬಲ್ ದಾಟದಿರಲಿ. ವೇವ್ ಫೈಲಾಗಿಯೇ ಉಳಿಸಿ. 60 ನಿಮಿಷಕ್ಕೆ ಸುಮಾರು 1 ಜಿಬಿ ಆಗುತ್ತದೆ. ಎಂಪಿ3 ಮಾಡುವುದು ಹಂಚಲು ಮಾತ್ರ.

6. ಆ ಮೊದಲ ಫೈಲನ್ನು ಮುಟ್ಟಬೇಡಿ. ಗದ್ದಲ ತೆಗೆಯುವುದು, ವೇಗ ತಿದ್ದುವುದು ಎಲ್ಲ ನಕಲಿನ ಮೇಲೆ. ಕೆಮ್ಮು, ನಾಯಿ, ಮಾತುಕತೆ ಯಾವುದನ್ನೂ ಕತ್ತರಿಸಬೇಡಿ. ಹಾಡೆಂದು ನೀವು ಅಂದುಕೊಂಡದ್ದಕ್ಕಿಂತ ನಡುವಿನ ಮಾತೇ ನಾಳೆ ಯಾರಿಗಾದರೂ ಮುಖ್ಯವಾದೀತು.

7. ಮೂರು ಪ್ರತಿ ಮಾಡಿ. ಒಂದು ಬೇರೆ ಊರಿನಲ್ಲಿರಲಿ.

ಎಚ್ಚರಿಕೆ: ಕ್ಯಾಸೆಟ್ಟು ತಂಡಿ ಹಿಡಿಯಬಾರದೆಂದು ಒಲೆಯ ಮೇಲಿನ ಅಟ್ಟದಲ್ಲಿಡುವ ರೂಢಿ ಕೆಲವು ಮನೆಗಳಲ್ಲಿದೆ. ಅಡಿಕೆಗೆ ಅದು ಸರಿ, ಕ್ಯಾಸೆಟ್ಟಿಗಲ್ಲ. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಹೊಗೆ ಟೇಪಿಗೆ ಕೂರುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲ ಹಾಕಿ, ಕ್ಯಾಸೆಟ್ಟನ್ನು ನಿಲ್ಲಿಸಿಡಿ. ಸ್ಪೀಕರಿನ ಪಕ್ಕ ಬೇಡ, ಅದರಲ್ಲಿ ಅಯಸ್ಕಾಂತವಿರುತ್ತದೆ.

ಕೇಳಿ ನೋಡಲು ಕೆಲವು

ಮನೆಯಲ್ಲಿ ಹಳೆಯ ಟೇಪಿಲ್ಲದವರು ಸುಲಭವಾಗಿ ಸಿಗುವ ಜೋಡಿಗಳಿಂದ ಶುರು ಮಾಡಬಹುದು. ನಮ್ಮ ಜಿಲ್ಲೆಯ ನಗರ ಗ್ರಾಮದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ‘ಕಾಡು ಕುದುರೆ’ ಚಿತ್ರದ ಹಾಡು. ಅದನ್ನು ಬರೆದು ಸ್ವರ ಹಾಕಿದವರು ಚಂದ್ರಶೇಖರ ಕಂಬಾರ. ಕಂಬಾರರು ಸಭೆಗಳಲ್ಲಿ ತಾವೇ ಹಾಡುವುದನ್ನೂ, ಸುಬ್ಬಣ್ಣ ಹಾಡಿದ್ದನ್ನೂ ಒಂದರ ಹಿಂದೊಂದು ಕೇಳಿ. ಕಂಬಾರರದರಲ್ಲಿ ಕಥೆ ಹೇಳುವವನ ದನಿ, ಸುಬ್ಬಣ್ಣನವರದರಲ್ಲಿ ಓಟ. ಇಲ್ಲಿ ನನ್ನ ಓಟು, ಹಸಿ ಟೇಕಿನ ಪಕ್ಷದವನಾದರೂ, ಸುಬ್ಬಣ್ಣನವರಿಗೇ.

ಬಾಬ್ ಡಿಲನ್‌ನ ‘ಬ್ಲಡ್ ಆನ್ ದ ಟ್ರ್ಯಾಕ್ಸ್’ ಇನ್ನೊಂದು. 1974ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಹಾಡಿ ಮುಗಿಸಿದ್ದ. ಡಿಸೆಂಬರಿನಲ್ಲಿ ಮನಸ್ಸು ಬದಲಿಸಿ ಹತ್ತರಲ್ಲಿ ಐದು ಹಾಡನ್ನು ಮಿನಿಯಾಪೊಲಿಸ್‌ನಲ್ಲಿ ಬೇರೆ ವಾದ್ಯಗಾರರೊಂದಿಗೆ ಮತ್ತೆ ಹಾಡಿದ. ನ್ಯೂಯಾರ್ಕಿನ ಟೇಕುಗಳು 2018ರಲ್ಲಿ ‘ಮೋರ್ ಬ್ಲಡ್, ಮೋರ್ ಟ್ರ್ಯಾಕ್ಸ್’ ಹೆಸರಿನಲ್ಲಿ ಒಟ್ಟಾಗಿ ಹೊರಬಂದವು. ಮೊದಲಿನವು ರಾತ್ರಿ ಒಬ್ಬನೇ ಕೂತು ಹೇಳಿಕೊಂಡ ಹಾಗಿವೆ, ಆಮೇಲಿನವು ನಾಲ್ಕು ಜನರ ಮುಂದೆ ಹೇಳಿದ ಹಾಗೆ. ಒಂದೊಂದು ದಿನಕ್ಕೆ ಒಂದೊಂದು ಸರಿ.

ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನದು ತಿರುಗುಮುರುಗು. 1982ರ ಜನವರಿಯಲ್ಲಿ ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಕರಡು ಹಾಡುಗಳನ್ನು ತುಂಬಿದ. ತಂಡದ ಜೊತೆ ಸ್ಟುಡಿಯೋದಲ್ಲಿ ಮತ್ತೆ ಹಾಡಿ ನೋಡಿದರೆ ಏನೋ ಸಾಲದೆನಿಸಿತು. ಕೊನೆಗೆ ಆ ಕ್ಯಾಸೆಟ್ಟನ್ನೇ ‘ನೆಬ್ರಾಸ್ಕಾ’ ಎಂದು ಬಿಡುಗಡೆ ಮಾಡಿದ. ಕರಡೇ ಆಲ್ಬಮ್ಮಾದದ್ದು ಹೀಗೆ. ಆನವಟ್ಟಿಯ ಟೂ-ಇನ್-ವನ್ನಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ನನಗೆ ಬೇರೆ ಬೇಕಾಗಿಲ್ಲ.

ಹಂಚುವ ಮುನ್ನ

ಹಳೆಯದೆಂದ ಮಾತ್ರಕ್ಕೆ ಬಿಟ್ಟಿಯಲ್ಲ. ನಮ್ಮ ಕಾನೂನಿನಲ್ಲಿ ಬಿಡುಗಡೆಯಾದ ಧ್ವನಿಮುದ್ರಿಕೆಗೆ 60 ವರ್ಷ, ಹಾಡಿದವರ ಹಕ್ಕಿಗೆ 50 ವರ್ಷ ರಕ್ಷಣೆಯಿದೆ. ಜಗಲಿಯ ಮೇಲೆ ಹಾಡಿದವರಿಗೂ ಹಕ್ಕಿದೆ. ಗುಂಪುಗಳಿಗೆ ಕಳಿಸುವ ಮುನ್ನ ಅವರನ್ನೋ ಅವರ ಮಕ್ಕಳನ್ನೋ ಕೇಳಿ. ನೂರಾರು ಗಂಟೆಯ ಸಂಗ್ರಹವಿದ್ದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಸೊರಬದಿಂದ ದೂರವೇನಲ್ಲ, ಹೋಗಿ ಮಾತಾಡಿ. ಪ್ರತಿ ಫೈಲಿನ ಜೊತೆ ಊರು, ತಿಥಿ, ಯಾರ ಮನೆಯ ಮುಂದೆ, ಯಾವ ಯಂತ್ರ, ಮುಂದಿನ ದನಿ ಯಾರದು, ಹಿಂದಿನದು ಯಾರದು ಎಂದು ಬರೆದಿಡಿ. ಬರೆಯುವ ಮುನ್ನ ಹಾಡಿದವರಿಗೆ ಕೇಳಿಸಿ.

ನಾನು ಬರೆದ ಮೇಲೆ ಕೇಳಿಸಲು ಹೋದೆ. ಆ ತಂಡದಲ್ಲಿ ಈಗ ಉಳಿದಿರುವ ಹಿರಿಯರೊಬ್ಬರು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿ ಹಿಡಿದು ಬಾಗಿಲು ತೆರೆಸುವ ಹಾಡು ಪೂರ್ತಿ ಕೇಳಿದರು. ‘ಮುಂದೆ ಹೇಳಾದು ನಾನಲ್ಲ, ನಮ್ಮಣ್ಣ’ ಎಂದರು. ಪಟ್ಟಿಯಲ್ಲಿ ನಾನು ಅವರ ಹೆಸರನ್ನೇ ಹಾಕಿದ್ದೆ, ಹೊಡೆದು ತಿದ್ದಿದೆ. ಆಮೇಲೆ ಸ್ಟುಡಿಯೋದ್ದನ್ನೂ ಹಾಕಿ, ಯಾವುದು ಚೆಂದ ಎಂದು ಕೇಳಿದೆ. ಅವರಿಗೆ ಯೋಚಿಸುವುದೇ ಬೇಕಾಗಲಿಲ್ಲ.

‘ಇದೇ ಚೊಲೋ ಐತಿ ಮಾರಾಯ. ಅದ್ರಾಗೆ ಬರೀ ನಾಯಿ ಕೇಳ್ತೈತಿ.’